ಮಗನ ತೂಕ ಇಳಿಸೂ ಮೊಬೈಲ್ ಮೇಡಮ್

ಮೊಬೈಲ್ ಅಡಿಗಿಮನಿಗೆ ಬಂದ ಮ್ಯಾಲೆ ನಮ್ಮನ್ಯಾಗ ಇಂಥಾವು ವಾರಕ್ಕೊಂದರ ಆಗತಾವ. ಆಗೂ ಮುಂದ ನನ್ನ ಎದಿ ಢವಢವ ಅಂತಿರತೈತಿ. ನಗು ಬರೂದು ಎಲ್ಲಾ ಮುಗದ ಮ್ಯಾಲೆ.

ನಮ್ಮ ಮಗಂದು ರಾಣೆಬೆನ್ನೂರಾಗ ಅರಿವಿ ಅಂಗಡಿ. ಮುಂಜಾನಿಂದ ಸಂಜೀತನಕ ಗಾದಿ ಮ್ಯಾಲೆ ಕುಂತು ಕುಂತು ನೂರಾ ಎರಡು ಕಿಲೋ ಆದ. ಅದರ ಮ್ಯಾಲೆ ಹರ್ನಿಯಾ ಬ್ಯಾರೆ. ಹಾವೇರಿ ಡಾಕ್ಟರು, "ಆಪರೇಶನ್ ಮಾಡಬೇಕು, ಆದ್ರ ಇಷ್ಟು ತೂಕದಾಗ ಎಚ್ಚರ ತಪ್ಪಿಸೂ ಇಂಜೆಕ್ಷನ್ ಕೊಡಾಕ ನನಗ ಧೈರ್ಯ ಇಲ್ಲ. ತೊಂಬತ್ತರ ಕೆಳಗ ಇಳದು ಬರ್ರಿ" ಅಂದ್ರು. ಡಾಕ್ಟರಿಗೇ ಧೈರ್ಯ ಇಲ್ಲಂದ್ರ ಹಡದಾಕಿಗೆ ಎಲ್ಲಿಂದ ಬರಬೇಕು? ಅವತ್ತಿನಿಂದ ಅಂವ ಒಂದ್ಸಲ ಕೆಮ್ಮಿದ್ರ ಸಾಕು, ನಾ ಎದ್ದು ನಿಂದರತಿದ್ದೆ.

ಸೊಸಿ ಅವನ್ನ ತೂಕ ಇಳಿಸೂ ಮೊಬೈಲ್ ಕ್ಲಾಸಿಗೆ ಹಚ್ಚಿದ್ಲು. ಅದರಾಗ ಕಲಸಾಕ ಒಬ್ಬಾಕಿ ಮೇಡಮ್. ವಯಸ್ಸು ನಮ್ಮ ಮೊಮ್ಮಗಳಷ್ಟ, ಮಾತು ಬೆಂಗಳೂರ ಕಡೀದು. ಏನು ಉಣ್ಣಬೇಕು, ಎಷ್ಟು ನಡೀಬೇಕು, ಎಲ್ಲಾ ಆಕೀನ ಹೇಳೂದು.

ತಾಟಿನ ಫೋಟೋ

ಉಣ್ಣೂಕಿಂತ ಮೊದಲು ತಾಟಿನ ಫೋಟೋ ತಗದು ಗ್ರೂಪಿಗೆ ಹಾಕಬೇಕಂತ. ಗ್ರೂಪಿನ್ಯಾಗ ನಲವತ್ತು ಮಂದಿ, ನಲವತ್ತೂ ಮಂದಿ ಹಸದಾವರು! ಹಸದ ನಲವತ್ತು ಮಂದಿ ನನ್ನ ಮಗನ ತಾಟು ನೋಡಿದ್ರ ದೃಷ್ಟಿ ಆಗದ ಇರತೈತೇನು?

ಉಪ್ಪು, ಮೆಣಸಿನಕಾಯಿ ನಿವಾಳಿಸಿ ನೀರೊಲಿ ಕೆಂಡಕ್ಕ ಹಾಕಿದೆ. ಘಾಟು ಬರಲಿಲ್ಲ. ಘಾಟು ಬರಲಿಲ್ಲಂದ್ರ ದೃಷ್ಟಿ ಆಗೈತಿ ಅಂತ ಅರ್ಥ. ಮರುದಿನ ಹತ್ತು ಕಾಯಿ ಹಾಕಿದೆ. ಊಹೂಂ.

"ಅತ್ತಿ, ಬ್ಯಾಡಗಿ ಕಾಯಿ ಸುಟ್ರ ಘಾಟು ಎಲ್ಲಿಂದ ಬರಬೇಕ್ರಿ? ಅದು ಬಣ್ಣಕ್ಕ ಹಾಕೂದಲ್ಲೇನ್ರಿ?" ಅಂದ್ಲು ಸೊಸಿ.

ಬ್ಯಾಡಗ್ಯಾಗ ಹುಟ್ಟಿ ಬೆಳದಾಕಿ ನಾ, ಹೆದರಿಕ್ಯಾಗ ಅದೂ ಮರತು ಹೋಗಿತ್ತು. ಖಾರದ ಗುಂಟೂರು ಕಾಯಿ ತರಿಸಿ ಒಂದು ಮುಷ್ಟಿ ಸುರುವಿದೆ. ಆ ಹೊತ್ತಿಗೆ ಪಡಸಾಲ್ಯಾಗ ಮಗಾ ಮೊಬೈಲ್ ಮುಂದ ನಿಂತು ಕೈಕಾಲು ಆಡಸಾಕತ್ತಿದ್ದ. ಅಂವ ಕೆಮ್ಮಿದ, ಸೊಸಿ ಕೆಮ್ಮಿದ್ಲು, ಬಾಜೂಮನಿಯವರೂ ಕೆಮ್ಮಿದ್ರು. ಮಗನ ಮಾರಿ ಕೆಂಪಗಾಗಿ ಕಣ್ಣು, ಮೂಗು ಎಲ್ಲಾ ಕಡಿ ನೀರು ಸುರ್ಯಾಕತ್ತು.

ಮೊಬೈಲಿನ್ಯಾಗಿಂದ ಮೇಡಮ್ ಚಪ್ಪಾಳಿ ತಟ್ಟಿದ್ಲು: "ಸೂಪರ್ ಸರ್! ಎಲ್ಲರೂ ಇವರನ್ನ ನೋಡಿ ಕಲೀರಿ, ಬೆವರು ಅಂದ್ರೆ ಇದು!"

ಎರಡ ರೊಟ್ಟಿ

ಹೊತ್ತಿಗೆ ಎರಡ ರೊಟ್ಟಿ ಅಂದ್ಲು ಮೇಡಮ್. ಎರಡಂದ್ರ ಎರಡ, ನಾ ಒಂದೂ ಹೆಚ್ಚು ಹಾಕಲಿಲ್ಲ. ಆದ್ರ ಅಂಗಡಿಯಿಂದ ಬಂದ ಮಗನ ಸೋತ ಮಾರಿ ನೋಡಿ ಹಿಟ್ಟಿನ ಉಂಡಿ ತಾನ ದೊಡ್ಡದಾಗತಿತ್ತು. ದಿನಾ ಒಂದೀಟು. ಕಡೀಕ ರೊಟ್ಟಿ ಹಂಚಿನಿಂದ ಹೊರಗ ಬಂತು.

ಮೇಡಮ್ಮಿಗೆ ಏನೋ ಸಂಶೆ ಬಂತು. "ಅಮ್ಮ, ರೊಟ್ಟಿ ಪಕ್ಕ ಒಂದು ಚಮಚ ಇಟ್ಟು ಫೋಟೋ ಕಳಿಸಿ, ಅಳತೆ ಗೊತ್ತಾಗುತ್ತೆ" ಅಂದ್ಲು. ನಾ ಕೈಗೆ ಸಿಕ್ಕಿದ್ದು ಇಟ್ಟೆ. ಲಗ್ನದಾಗ ಸಾರು ಬಡಸೂ ಸೌಟು ಅದು. ಸೊಸಿ ನೋಡದ ಫೋಟೋ ಹೊಡದು ಕಳಿಸಿಬಿಟ್ಲು.

ಮೇಡಮ್ ಗಾಬರಿ ಆಗಿ ಫೋನ್ ಮಾಡಿದ್ಲು: "ಅಯ್ಯೋ ಅಮ್ಮ, ನಿಮ್ಮ ರೊಟ್ಟಿ ಇಷ್ಟು ಪುಟ್ಟದಾ? ಪಾಪ, ನಾಲ್ಕು ಕೊಡಿ!"

ಆ ವಾರ ಮಗಾ ಒಂದು ಕಿಲೋ ಏರಿದ. ಅವನ ಆಪರೇಶನ್ನಿಗೆ ನಾನ ಅಡ್ಡ ಬಂದೆನಲ್ಲಾ ಅಂತ ಅವತ್ತ ಅತ್ತೆ. ಮರುದಿನದಿಂದ ರೊಟ್ಟಿ ತಾಟಿನೊಳಗ ಕುಂತುವು.

ಮಾಮಾನ ತಕ್ಕಡಿ

ಐತಾರಕ್ಕೊಮ್ಮೆ ತೂಕ ನೋಡಿ ಹೇಳಬೇಕು. ಒಂದು ಐತಾರ ಬ್ಯಾಡಗಿಗೆ ನನ್ನ ತಮ್ಮನ ಮನಿಗೆ ಹೋಗಿದ್ವಿ. ಅವಂದು ಮೆಣಸಿನಕಾಯಿ ದಲಾಲಿ ಅಂಗಡಿ. ತೂಕ ನೋಡೂದು ತಪ್ಪಬಾರದು ಅಂತ ಮಗಾ ಮಾಮಾನ ಅಂಗಡ್ಯಾಗಿನ ತಕ್ಕಡಿ ಏರಿ ನಿಂತ. ಅಲ್ಲಿ ತೂಕ ಮಾಡಾವ ಒಬ್ಬ ಹಳೇ ಹಮಾಲ.

"ತೊಂಬತ್ತೈದು!" ಅಂತ ಓಣಿಗೆಲ್ಲಾ ಕೇಳೂವಂಗ ಒದರಿದ. "ಚೀಲದ್ದು ಒಂದು ಕಳದು ತೊಂಬತ್ನಾಕು!"

"ಚೀಲ ಎಲ್ಲೈತೋ ಕಾಕಾ?" ಅಂದ ಮಗಾ.

"ಮೈಮ್ಯಾಲೆ ಹಾಕ್ಕೊಂಡೀಯಲ್ಲೋ ತಮ್ಮಾ."

ಬಿಸಿಲಾಗ ನಡದು ಬಂದಿದ್ದ ಮಗಾ ಬೆವತು ತೊಪ್ಪಿ ಆಗಿದ್ದ. ಹಮಾಲ ಅವನ ರೆಟ್ಟಿ ಹಿಚುಕಿ ನೋಡಿ, ನನ್ನ ತಮ್ಮನ ಕಡಿ ತಿರುಗಿ ಅಂದ: "ಸಾವ್ಕಾರ್ರ, ಮಾಲು ಹಸಿ ಐತ್ರಿ. ಎರಡು ದಿನ ಬಿಸಿಲಿಗೆ ಹರವಿ ತರಾಕ ಹೇಳ್ರಿ."

ಹಾವೇರಿ ದವಾಖಾನಿ

ಐದು ತಿಂಗಳಿಗೆ ಡಾಕ್ಟರ ಹಂತೇಕ ಹೋಗೂ ದಿನ ಬಂತು. ಮನಿ ತಕ್ಕಡ್ಯಾಗ ಎಂಬತ್ತೆಂಟು ತೋರಸತಿತ್ತು. ಆದ್ರ ದವಾಖಾನಿ ತಕ್ಕಡಿ ಏನು ಹೇಳತೈತೋ ಅಂತ ಬಸ್ಸಿನ್ಯಾಗ ನಾ ಒಂದು ಗುಟುಕು ನೀರೂ ಕುಡೀಲಿಲ್ಲ.

ಮಗಾ ಚಪ್ಪಲಿ ಬಿಟ್ಟು ತಕ್ಕಡಿ ಏರಿದ. ನಾ ಅವನ ಬೆನ್ನಿಗೇ ನಿಂತಿದ್ದೆ. ಸಿಸ್ಟರ್ ಬಗ್ಗಿ ನೋಡಿ, "ತೊಂಬತ್ತೈದು" ಅಂದ್ಲು.

ಮಗನ ಮಾರಿ ಸಣ್ಣಗಾತು. ಡಾಕ್ಟರು, "ಇನ್ನೂ ಐದು ಕಿಲೋ ಹೆಚ್ಚೈತಲ್ರಿ. ಮುಂದ ಹಾಕೂಣು" ಅಂತ ಪೆನ್ನು ತಗದ್ರು. ನಾ ಎರಡೂ ಕೈ ಮುಗದು, "ಮೈಲಾರಲಿಂಗಾ, ನನ್ನ ಕೂಸಿನ ಕಡಿ ನೋಡೋ ನಮ್ಮಪ್ಪಾ" ಅಂದೆ.

"ಅಯ್ಯ! ಎಂಬತ್ತೆಂಟು!" ಅಂತ ಸಿಸ್ಟರ್ ಒದರಿದ್ಲು.

"ಕಣ್ಮುಂದ ಏಳು ಕಿಲೋ ಇಳಿಸಿದೆಲ್ಲೋ ದೇವ್ರ!" ಅಂತ ನಾ ಅಲ್ಲೇ ನೆಲಕ್ಕ ಹಣಿ ಹಚ್ಚಿದೆ.

ಡಾಕ್ಟರು ನಕ್ಕೋತ ನನ್ನ ಎಬ್ಬಿಸಿ ಕುಂದ್ರಿಸಿದ್ರು. "ಅವ್ವಾ, ಇಷ್ಟೊತ್ತನಕ ನಿಮ್ಮ ಎರಡೂ ಕೈ ಮಗನ ಹೆಗಲ ಮ್ಯಾಲೆ ಊರಿದ್ದುವು. ಆಪರೇಶನ್ ಸೋಮವಾರ ಮಾಡೂಣು. ಅವತ್ತು ಮಾತ್ರ ನೀವು ಹೊರಗ ಕುಂದರ್ರಿ, ಇಲ್ಲಂದ್ರ ಯಾರ ಹೊಟ್ಟಿ ಕೊಯ್ಯಬೇಕು ಅಂತ ನನಗ ತಿಳ್ಯಂಗಿಲ್ಲ."

ಸೋಮವಾರ ಅಂದದ್ದು ಕೇಳಿ ಜೀವ ಹಗುರಾಗಿ, ಕಣ್ಣು ಒರಸಿಕೋತ ಹೊರಗ ಬಂದೆ. ಬಾಗಲದಾಗ ಪಾಳಿ ಹಚ್ಚಿದ್ದ ಮುದುಕಿ ಒಬ್ಬಾಕಿ ನನ್ನ ಸೆರಗು ಹಿಡದು ಜಗ್ಗಿದ್ಲು. ಒಳಗಿನ ಮಾತು ಆಕೀಗೆ ಅರ್ಧ ಅಷ್ಟ ಕೇಳಿತ್ತು.

"ಯಕ್ಕಾ, ಆ ದೇವ್ರಿಗೆ ಇನ್ನೊಮ್ಮೆ ಕೈ ಮುಗಿ ನಮ್ಮವ್ವಾ. ನಮ್ಮ ಸೊಸಿ ಈಗ ತಕ್ಕಡಿ ಏರಾಕತ್ಯಾಳ!"