ಸಮುದ್ರರಾಜ ಆವಿಯಾಗಲಿಲ್ಲ

ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವುದು ಹೇಗೆಂದು ಹೆತ್ತವರಿಗೆ ಕಿವಿಮಾತು ಬರೆಯುವ ಮಹನೀಯರಲ್ಲಿ ಒಂದು ವಿಜ್ಞಾಪನೆ: ಅದು ಬನ್ನಂಜೆಯ ಗುಣಪಾಲನಂಥವರ ಕೈಗೆ ಸಿಗದಂತೆ ದಯವಿಟ್ಟು ನೋಡಿಕೊಳ್ಳಿ.

ಗುಣಪಾಲ ವಾರವಿಡೀ ಫ್ಯಾನು, ಮಿಕ್ಸಿ ಮಾರುವವನು. ರಜೆಯಲ್ಲಿ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕುಳಿತು ಬರೀ ಮಾತಿನಲ್ಲೇ ಎದುರಾಳಿಯನ್ನು ಕೆಡಹುವ ಈ ಕಲೆಯಲ್ಲಿ ಅವನು ಸೋತದ್ದನ್ನು ಕಂಡವರಿಲ್ಲ. (ಮನೆಯಲ್ಲಿ ಕಂಡವರಿದ್ದಾರೆ.) ಬರುವ ಭಾನುವಾರ ಅಜೆಕಾರಿನ ಕೂಟದಲ್ಲಿ ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕೃಷ್ಣನ ಪಾತ್ರ ಸಿಕ್ಕಿತ್ತು. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

"ದೀಕ್ಷಿತಾಗೆ ಗುರುವಾರ ವಿಜ್ಞಾನದ ಟೆಸ್ಟ್ ಉಂಟು," ಎಂದಳು ಹೆಂಡತಿ ವಾರಿಜಾ. "ಈ ಸಲ ನೀವೇ ಹೇಳಿಕೊಡಿ. ಮಾರ್ಕ್ಸ್ ಬಂದರೆ ಅಜೆಕಾರು, ಇಲ್ಲದಿದ್ದರೆ ಕೃಷ್ಣ ಮನೆಯಲ್ಲೇ."

ಶಾಲೆಯ ಗ್ರೂಪಿನಲ್ಲಿ ಬಂದಿದ್ದ ಕಿವಿಮಾತುಗಳನ್ನು ಗುಣಪಾಲ ಕಣ್ಣಿಗೊತ್ತಿಕೊಂಡು ಓದಿದ. ಬೈಯಬೇಡಿ. ಮೊಬೈಲ್ ದೂರವಿಡಿ (ಇದನ್ನು ಓದಿದ್ದು ಮೊಬೈಲಿನಲ್ಲೇ). ನಿಮಗೆ ಗೊತ್ತಿರುವ ಕಲೆಯ ಮೂಲಕ ಕಲಿಸಿ. ಕೊನೆಯದನ್ನು ಓದಿ ಅವನಿಗೆ ಮೈ ಜುಮ್ಮೆಂದಿತು.

ಪಾಠ ನೀರಿನ ಚಕ್ರ. ಮನೆಯ ತಾಳಮದ್ದಳೆಯಲ್ಲಿ ನಾಲ್ಕನೇ ಕ್ಲಾಸಿನ ಮಗಳು ದೀಕ್ಷಿತಾಳೇ ಸೂರ್ಯ. ಸೋಫಾದ ತುಂಬ ಹರಡಿಕೊಂಡ ಗುಣಪಾಲ ಸಮುದ್ರರಾಜ.

"ಎಲೈ ಸಮುದ್ರರಾಜ! ನನ್ನ ಬಿಸಿಲಿಗೆ ಕಾದು, ಆವಿಯಾಗಿ ಮೇಲೆ ಬಾ!" ಎಂದಳು ದೀಕ್ಷಿತಾ, ಪುಸ್ತಕ ನೋಡಿಕೊಂಡು.

ಎದ್ದು ನಿಂತು 'ಆಗಲಿ' ಎಂದಿದ್ದರೆ ಪಾಠ ಮುಗಿಯುತ್ತಿತ್ತು. ಆದರೆ ಸವಾಲು ಕಿವಿಗೆ ಬಿದ್ದ ಕೂಡಲೇ ಒಳಗಿದ್ದ ಅರ್ಥಧಾರಿ ಎಚ್ಚೆತ್ತ.

"ಎಲೈ ರವಿಯೇ! ಪ್ರತಿ ಸಂಜೆ ಕಾಪುವಿನ ದೀಪಸ್ತಂಭದಾಚೆ ನನ್ನ ಮಡಿಲಿಗೇ ಬಂದು ಬೀಳುವವನು ನೀನು. ಆಶ್ರಯ ಕೊಟ್ಟವನನ್ನು ಅಪ್ಪಣೆ ಮಾಡಿ ಕರೆಯಲು ನಾಚಿಕೆಯಾಗುವುದಿಲ್ಲವೇ?"

"ಆದರೆ ಪಪ್ಪ, ಪುಸ್ತಕದಲ್ಲಿ..."

"ಪುಸ್ತಕ ಬರೆದವನು ನನ್ನ ಆಳ ಕಂಡವನೋ? ಹುಟ್ಟಿದಾಗಿನಿಂದ ಕಾಯಿಸುತ್ತಿದ್ದೀಯಲ್ಲ, ನಾನು ಒಂದು ಗೇಣಾದರೂ ತಗ್ಗಿದ್ದೇನೆಯೇ?"

ಸೂರ್ಯ ಪುಸ್ತಕ ಮಡಚಿಟ್ಟ. ಸಮುದ್ರ ಗೆದ್ದಿತು. ಮಗಳು ಬಾಯಿಬಿಟ್ಟುಕೊಂಡು ಅಪ್ಪನನ್ನು ನೋಡಿದಳು. ಅಂಥ ಮೆಚ್ಚುಗೆಯನ್ನು ಅವನು ಯಾವ ಕೂಟದಲ್ಲೂ ಪಡೆದಿರಲಿಲ್ಲ.

ಶುಕ್ರವಾರ ಶಾರ್ಲೆಟ್ ಟೀಚರ್ ಅವನನ್ನು ಶಾಲೆಗೆ ಕರೆಸಿ ಉತ್ತರಪತ್ರಿಕೆ ಮುಂದಿಟ್ಟರು. ಸೂರ್ಯನ ಶಾಖಕ್ಕೆ ಸಮುದ್ರದ ನೀರು ಏನಾಗುತ್ತದೆ? ದೀಕ್ಷಿತಾ ದುಂಡಗೆ ಬರೆದಿದ್ದಳು: 'ಏನೂ ಆಗುವುದಿಲ್ಲ. ಸೂರ್ಯನು ದಿನಾ ಅಲ್ಲೇ ಮುಳುಗುವುದರಿಂದ ಅವನಿಗೆ ಕೇಳುವ ಮುಖವಿಲ್ಲ.'

"ನಾಳೆ ಇನ್ನೊಮ್ಮೆ ಬರೆಸುತ್ತೇನೆ ಗುಣಪಾಲರೇ," ಎಂದರು ಟೀಚರ್, ನಗು ತಡೆದುಕೊಂಡು. "ಇವತ್ತು ಹೇಗಾದರೂ ಮಾಡಿ ಸಮುದ್ರವನ್ನು ಆವಿ ಮಾಡಿಬಿಡಿ."

ಮನೆಗೆ ಬಂದವನೇ ಮಗಳನ್ನು ಕೂರಿಸಿಕೊಂಡ. "ಅದು ಬರೀ ವಾದ ಮಗಳೇ. ನಿಜವಾಗಿ ಸಮುದ್ರ ಆವಿಯಾಗುತ್ತದೆ."

"ಹಾಗಾದರೆ ನೀವು ಸುಳ್ಳು ಹೇಳಿದ್ದಾ?" ಹುಡುಗಿಯ ಕಣ್ಣು ತುಂಬಿತು.

"ಸುಳ್ಳಲ್ಲ... ತಾಳಮದ್ದಳೆಯ ಅರ್ಥ!"

"ಮತ್ತೆ ಒಂದು ಗೇಣಾದರೂ ಯಾಕೆ ತಗ್ಗಲಿಲ್ಲ? ಹೇಳಿ!"

ಅವನು ಮಳೆಯೆಂದ, ನದಿಯೆಂದ, ಮೋಡವೆಂದ. ಅವಳು ಅವನದೇ ಮಾತುಗಳನ್ನು ಒಂದೊಂದಾಗಿ ಎತ್ತಿ ಅವನ ಮೇಲೆಯೇ ಎಸೆದಳು. ಮೊನ್ನೆ ಕಟ್ಟಿದ ಕೋಟೆಯನ್ನು ಇಂದು ಅವನಿಂದಲೇ ಒಡೆಯಲಾಗಲಿಲ್ಲ. ಅಜೆಕಾರು ಕಣ್ಣೆದುರೇ ದೂರ ಸರಿಯುತ್ತಿತ್ತು.

ಅಷ್ಟರಲ್ಲಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ವಾರಿಜಾ ಬಂದಳು. "ದೀಕ್ಷಿತಾ, ಈ ಪಂಚೆ ಮುಟ್ಟು. ಒದ್ದೆ ಉಂಟಲ್ವಾ? ಬಿಸಿಲಿಗೆ ಹಾಕಿದರೆ ಒಣಗುತ್ತದೆ. ನೀರು ಎಲ್ಲಿಗೆ ಹೋಯಿತು?"

ದೀಕ್ಷಿತಾ ಯೋಚಿಸಿದಳು. "ಮೇಲೆ! ಆವಿಯಾಗಿ!"

"ಅಷ್ಟೇ ಮಾರಾಯ್ತಿ."

"ಪಪ್ಪನಿಗೆ ಇದು ಯಾಕೆ ಗೊತ್ತಿಲ್ಲ?"

"ಒಂದು ದಿನವಾದರೂ ಒಣಗಲು ಹಾಕಿದ್ದರೆ ತಾನೇ ಗೊತ್ತಾಗುವುದು!"

ಶನಿವಾರ ಪೂರ್ತಿ ಮಾರ್ಕ್ಸ್ ಬಂತು. ವಾರಿಜಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಧಾರಾಳವಾಗಿ ಹೋಗಿ," ಎಂದಳು ಭಾನುವಾರ ಬೆಳಿಗ್ಗೆ. "ನಿಮ್ಮ ಶಾಲು, ಜುಬ್ಬಾ, ಪಂಚೆ ಎಲ್ಲ ಒಗೆದು ಬಕೆಟಿನಲ್ಲಿ ಇಟ್ಟಿದ್ದೇನೆ. ಒಣಗಿಸಿಕೊಂಡು ಹೊರಡಿ."

ಗೇಟಿನೆದುರು ಅಜೆಕಾರಿಗೆ ಹೊರಟ ಕಾರು ಹಾರ್ನ್ ಹಾಕುತ್ತಿತ್ತು. ತಾರಸಿಯಲ್ಲಿ ಗುಣಪಾಲ ಪಂಚೆಯನ್ನು ಅಡ್ಡಕ್ಕೋ ಉದ್ದಕ್ಕೋ ಹಾಕುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ಸೂರ್ಯ ಮೋಡದ ಹಿಂದೆ ಸೇರಿದವನು ಹೊರಗೆ ಬರಲೊಲ್ಲ. ದೀಕ್ಷಿತಾ ಸ್ಟೂಲ್ ಹಾಕಿ ಕುಳಿತು, ಯಾವ ಕ್ಲಿಪ್ಪು ಎಲ್ಲಿಗೆಂದು ಬೆರಳು ಮಾಡಿ ತೋರಿಸುತ್ತಿದ್ದಳು.

"ಸೋತೆ ಮಗಳೇ," ಎಂದ ಗುಣಪಾಲ, ಎರಡೂ ಕೈ ಮೇಲೆತ್ತಿ.

"ಇಷ್ಟು ಬೇಗ ಸೋಲಬಾರದು ಪಪ್ಪ," ಎಂದಳು ದೀಕ್ಷಿತಾ. "ಕೆಳಗೆ ಅಮ್ಮನ ಬೆಡ್‌ಶೀಟಿನ ಇನ್ನೊಂದು ಬಕೆಟ್ ಉಂಟು."