ಪಕ್ಕದ ಸೀಟಿನ ಮಾವ

ಅಶ್ವಥ್‌ಗೆ ಕಾರಿನಲ್ಲಿ ಒಬ್ಬನೇ ಹೋಗುವ ಚಟ. ಅದೇ ಮುಳುವಾಯಿತು.

ರಾಮನಗರದ ಹೊರಗೆ ಎದ್ದ ಇನ್ನೂರು ಮನೆಗಳ ಅಪಾರ್ಟ್‌ಮೆಂಟಿಗೆ ಪರವಾನಗಿ ಸಿಕ್ಕಿದ್ದೇ ಒಂದು ಷರತ್ತಿನ ಮೇಲೆ: ಬೆಳಿಗ್ಗೆ, ಸಂಜೆ ರಸ್ತೆ ತುಂಬುವ ಹೊತ್ತಿನಲ್ಲಿ ಒಬ್ಬರೇ ಕೂತ ಕಾರು ಗೇಟು ದಾಟಕೂಡದು. ಮೂರು ಸಲ ತಪ್ಪಿದವರ ಪಾರ್ಕಿಂಗ್ ಜಾಗ ರದ್ದು. ಅಶ್ವಥ್ ಆಗಲೇ ಎರಡು ಸಲ ತಪ್ಪಿದ್ದ. ಬಿಡದಿಯ ಅದೇ ಕಾರ್ಖಾನೆಗೆ ಸ್ಕೂಟರಿನಲ್ಲಿ ಹೋಗುವ ಪಕ್ಕದ ಮನೆಯ ನಟರಾಜುವನ್ನು ಹತ್ತಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ನಟರಾಜು ತನ್ನ ಮೂಲವ್ಯಾಧಿಯ ಕತೆ ತೆಗೆದರೆ ಬಿಡದಿ ಮುಗಿದರೂ ಅದು ಮುಗಿಯುತ್ತಿರಲಿಲ್ಲ.

ಭಾನುವಾರ ಹೆಂಡತಿಯ ಊರು ವಿರೂಪಾಕ್ಷಿಪುರಕ್ಕೆ ಹೋಗಿದ್ದವನು ಮಾವನ ಅವರೆ ಹೊಲದ ಬೆರ್ಚಪ್ಪನನ್ನು ಯಾರಿಗೂ ಹೇಳದೆ ಕಿತ್ತು ಡಿಕ್ಕಿಗೆ ತುಂಬಿಕೊಂಡು ಬಂದ. ಹುಲ್ಲಿನ ಮೈ, ಮಡಕೆಯ ತಲೆ, ಮಾವನದೇ ಹಳೇ ಪಟ್ಟೆ ಅಂಗಿ. ಸೋಮವಾರ ಅದಕ್ಕೆ ಮಂಕಿ ಟೋಪಿ, ಮಾಸ್ಕು ಹಾಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದ.

ಗೇಟಿನಲ್ಲಿ ತಲೆ ಎಣಿಸುತ್ತಿದ್ದವರು ಸಂಘದ ಕಾರ್ಯದರ್ಶಿ ಪಂಚಾಕ್ಷರಯ್ಯ. ನಿವೃತ್ತ ಗಣಿತದ ಮೇಷ್ಟ್ರು. ಕಣ್ಣಿನ ಪೊರೆಯ ಆಪರೇಷನ್ನನ್ನು ವರ್ಷದಿಂದ ಮುಂದೂಡುತ್ತಿದ್ದರು.

“ಯಾರಪ್ಪ ಇವರು?”

“ನಮ್ಮ ಮಾವ ಅಂಕಯ್ಯನೋರು, ಮೇಷ್ಟ್ರೇ. ಸೀತ ಆಗೈತೆ, ಮಾತಾಡಕಾಗಾಕಿಲ್ಲ.”

“ನಮಸ್ಕಾರ ಅಂಕಯ್ಯನೋರೆ.”

ಬೆರ್ಚಪ್ಪ ಗಾಜಿನಾಚೆ ನೋಡುತ್ತಿತ್ತು. “ಗಂಭೀರ ಮನುಷ್ಯರು,” ಎಂದು ಮೇಷ್ಟ್ರು ಪುಸ್ತಕದಲ್ಲಿ ಹೆಸರು ಬರೆದುಕೊಂಡರು.

“ಲೇ ಅಶ್ವಥ, ನಿಲ್ಲಿಸ್ಲಾ, ನಾನೂ ಬತ್ತೀನಿ,” ಎಂದು ನಟರಾಜು ಓಡಿ ಬಂದ.

“ಬ್ಯಾಡ ಕಣ್ಲಾ, ಮಾವನ ಸೀತ ನಿಂಗೂ ಅಂಟ್ಕತದೆ.”

ಬಿಡದಿಯವರೆಗೂ ಬೆರ್ಚಪ್ಪ ಒಂದು ಮಾತೂ ಆಡಲಿಲ್ಲ. ಇಂಥ ಮಾವ ಯಾರಿಗುಂಟು ಅನ್ನಿಸಿತು ಅಶ್ವಥ್‌ಗೆ.

ಸಂಜೆ ಕಾರು ಗೇಟಿನೊಳಗೆ ಬಂದಾಗ ಮೇಷ್ಟ್ರ ಪಕ್ಕದ ಬೆಂಚಿನಲ್ಲಿ ನಿಜವಾದ ಅಂಕಯ್ಯ ಕೂತಿದ್ದ. ತೊಡೆಯ ಮೇಲೆ ಅವರೆಕಾಯಿ ಚೀಲ. ಬೆಳಿಗ್ಗೆ ಹತ್ತರಿಂದ ಅಲ್ಲೇ. ಮಗಳು ಭಾನುಪ್ರಿಯ ತಾನು ಪಾಠ ಮಾಡುವ ಮಾಗಡಿಯ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಅಳಿಯನ ಫೋನು ಕಾರ್ಖಾನೆಯ ಗೇಟಿನಲ್ಲಿ ಜಮೆಯಾಗಿತ್ತು.

“ಈ ಮನುಷ್ಯನೂ ಅಂಕಯ್ಯನಂತೆ,” ಎಂದರು ಮೇಷ್ಟ್ರು. “ಆಧಾರ್ ಕಾರ್ಡೂ ತೋರಿಸಿದ. ಹೆಸರು ಒಂದೇ ಆದ್ರೆ ಮಾವ ಆಗ್ಬಿಡ್ತಾರಾ? ನಿನ್ನ ಮಾವ ಎಂಟೂ ಹತ್ತಕ್ಕೇ ಬಿಡದಿಗೆ ಹೋಗಿದ್ದಾರೆ. ನೀನೇ ಹೇಳು, ಇಬ್ಬರಲ್ಲಿ ಯಾರು? ಬೆಳಿಗ್ಗೆ ಸುಳ್ಳು ಹೆಸರು ಬರೆಸಿದ್ರೆ ಅದೇ ಮೂರನೇ ತಪ್ಪು.”

ಅಶ್ವಥ್ ಯೋಚಿಸಿದ. ಮಾವನ ಕೋಪ ಒಂದು ಬಾಡೂಟದಲ್ಲಿ ಇಳಿಯುತ್ತದೆ. ಹೋದ ಪಾರ್ಕಿಂಗ್ ಬರುವುದಿಲ್ಲ. ಪಕ್ಕದ ಸೀಟಿನತ್ತ ಕೈ ತೋರಿಸಿದ.

“ಇವರೇ.”

ಅಂಕಯ್ಯ ಎದ್ದು ಬಂದು ಕಿಟಕಿಯೊಳಗೆ ಬಗ್ಗಿದ. ತನ್ನ ಅಂಗಿಯನ್ನು ನೋಡಿದ, ಅಳಿಯನನ್ನು ನೋಡಿದ. ಮೆಲ್ಲಗೆ ಹೇಳಿದ:

“ಹೊಲಕ್ಕೆ ನವಿಲು ಬಿದ್ದವೆ, ಉಳಿದಿದ್ದ ಒಸಿ ಅವರೆ ಕಿತ್ಕೊಂಡು ಬಂದೆ. ಕಾರು ನಿನ್ನ ಹೆಸರಿಗೆ ಮಾಡಿಸಾನ ಅಂತ ಆರ್‌ಸಿನೂ ತಂದಿದ್ದೆ. ಇನ್ನೂ ನನ್ನ ಹೆಸರಲ್ಲೇ ಐತೆ. ಇಳಿ ಕೆಳಕ್ಕೆ.”

ಅಶ್ವಥ್ ಇಳಿದ. ಅಂಕಯ್ಯ ಕೂತು ಕಾರು ತಿರುಗಿಸಿದ. ಮೇಷ್ಟ್ರು ಕೈ ಅಡ್ಡ ಹಿಡಿದರು.

“ಸಂಜೆ ಹೊತ್ತು. ಒಬ್ಬರೇ ಹೋಗೋ ಹಾಗಿಲ್ಲ.”

“ಒಬ್ನೇ ಎಲ್ಲಿದ್ದೀನಿ ಮೇಷ್ಟ್ರೇ? ಪಕ್ಕದಲ್ಲಿ ಅವನ ಮಾವ ಇಲ್ವಾ?”

ಮೇಷ್ಟ್ರು ಬಗ್ಗಿ ಎಣಿಸಿದರು. ಇಬ್ಬರು. ಗೇಟು ತೆರೆಯಿತು.

ಪಾರ್ಕಿಂಗ್ ಜಾಗ ಅಶ್ವಥ್‌ಗೇ ಉಳಿಯಿತು. ಮರುದಿನ ಭಾನುಪ್ರಿಯ ಅಲ್ಲಿ ಅಪ್ಪ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಅವರೆಯ ಕಾಳು ಒಣಹಾಕಿದಳು. ಅವನು ನಟರಾಜುವಿನ ಸ್ಕೂಟರಿನ ಹಿಂದೆ ಕೂತ.

“ನೋಡ್ಲಾ ಅಶ್ವಥ,” ಎಂದ ನಟರಾಜು, ಗೇಟು ದಾಟುವ ಮುಂಚೆಯೇ, “ಇದು ಮೊದಲು ಶುರುವಾಗಿದ್ದು ಹೆಂಗೆ ಅಂದ್ರೆ…”