ಮಾವನೆದುರು ಕೂರುವವರು ಯಾರು?

ಅರಸೀಕೆರೆಯಲ್ಲಿ ಪೊಲೀಸರನ್ನು ಕಂಡು ಓಡುವವರಿಗಿಂತ ನನ್ನ ಸೋದರಮಾವನನ್ನು ಕಂಡು ಓಡುವವರೇ ಹೆಚ್ಚು! ಅವರ ಕೈಯಲ್ಲಿ ಲಾಠಿಯಿಲ್ಲ ಸ್ವಾಮಿ, ಬರೀ ಒಂದು ಕುಂಚ, ಒಂದು ಲೋಟ ನೀರು.

ಡ್ರಾಯಿಂಗ್ ಮೇಷ್ಟರಾಗಿದ್ದ ಮಾವ ನಿವೃತ್ತರಾದ ಮೇಲೆ ಸತ್ತವರ ಚಿತ್ರ ಬರೆಯತೊಡಗಿದರು. ಯಾರ ಮನೆಯಲ್ಲಿ ಸಾವಾದರೂ ತಿಥಿಗೆ ಮುಂಚೆ ಆಧಾರ್ ಕಾರ್ಡ್ ಹಿಡಿದು ಇವರ ಬಾಗಿಲಿಗೆ ಬರುತ್ತಾರೆ. ಆ ಕಾರ್ಡಿನಲ್ಲಿ ಬದುಕಿರುವವರೂ ಸತ್ತಂತೆ ಕಾಣುತ್ತಾರಲ್ಲ, ಮಾವ ಸತ್ತವರನ್ನೂ ಬದುಕಿದ್ದಂತೆ ಬರೆದುಕೊಡುತ್ತಾರೆ. ಮುತ್ತೈದೆಯಾದರೆ ಹಣೆಯ ಕುಂಕುಮ ಯಾವಾಗಲೂ ಕೊನೆಗೆ. ಅದಿಟ್ಟರೆ ಚಿತ್ರ ಮುಗಿಯಿತು, ಹಾರ ತರಬಹುದು.

ಈ ಖ್ಯಾತಿಯೇ ಮುಳುವಾಯಿತು. ಬದುಕಿರುವ ಒಬ್ಬರನ್ನಾದರೂ ಎದುರಿಗೆ ಕೂರಿಸಿಕೊಂಡು ವಾಟರ್ ಕಲರಿನಲ್ಲಿ ಬರೆಯಬೇಕೆಂಬುದು ಮಾವನ ಹುಚ್ಚು. ಕೂರುವವರು ಯಾರು? ಮೇಷ್ಟರು ಬರೆದವರೆಲ್ಲ ಗೋಡೆ ಸೇರುತ್ತಾರೆಂದು ತಾಲ್ಲೂಕಿಗೇ ನಂಬಿಕೆ! ಪಕ್ಕದ ಗಂಡಸಿ ಊರಿನ ರೈತರೊಬ್ಬರನ್ನು ಕೇಳಿದರು.

“ನಮ್ಮಪ್ಪನ್ನ ಬರೆದ್ರಲ್ಲ ಮೇಷ್ಟ್ರೇ, ಬಾಳ ಚೆನ್ನಾಗೈತೆ. ನನ್ ಮಾತ್ರ ಬರೀಬ್ಯಾಡಿ. ಅಟ್ಟದ ಮ್ಯಾಲೆ ಕೊಬ್ಬರಿ ಇನ್ನೂ ಒಣಗ್ಬೇಕು.”

ಬೈಕ್ ಹತ್ತಿದ ಮಹಾಶಯರು ಹಿಂತಿರುಗಿಯೂ ನೋಡಲಿಲ್ಲ.

“ಬೇಲೂರಿಗೆ ಹೋಗಿ ಮದನಿಕೆಯರನ್ನ ಬರೀರಿ ಮಾವ. ಅವರು ಓಡಿಹೋಗಲ್ಲ” ಎಂದೆ.

“ಕಲ್ಲು ಕೆಮ್ಮುತ್ತೇನೇ? ನಂಗೆ ಕೆಮ್ಮೋರು ಬೇಕು, ಕೂತಲ್ಲೇ ಮೈ ಕೆರ್ಕೊಳ್ಳೋರು ಬೇಕು!”

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಊರಿನ ಮೌಢ್ಯ ಸಹಿಸಲಾಗದೆ ನಾನೇ ಕೂತೆ.

“ನೋಡಿ ಮಾವ, ಅವರು ಸತ್ತ ಮೇಲೆ ನೀವು ಬರೆದ್ರಿ. ನೀವು ಬರೆದಿದ್ದಕ್ಕೆ ಅವರು ಸಾಯಲಿಲ್ಲ. ಇನ್ನು ನನ್ನ ಎರಡನೇ ಅಂಶ...”

“ಬಾಯಿ ಮುಚ್ಚೇ, ತುಟಿ ಬರೀತಿದೀನಿ!”

ಮುಗಿದಾಗ ಹಾಳೆಯ ತುಂಬ ಒಂದು ಬಾಯಿ, ಅದರ ಸುತ್ತ ಅಷ್ಟೋ ಇಷ್ಟೋ ನಾನು. ನಾನು ಸಾಯಲಿಲ್ಲ. ಊರು ಒಪ್ಪಿತೇ? “ಅದು ಅವಳ ಥರ ಇಲ್ವಲ್ಲ, ಅದಕ್ಕೇ ಬದುಕಿದ್ಲು” ಎಂದಿತು!

ಆಮೇಲೆ ಅತ್ತೆಗೆ ಕೆಮ್ಮು ಹತ್ತಿತು. ಹಾಸನದ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು.

“ರೀ, ಕೆಮ್ಮೋರು ಬೇಕು ಅಂತಿದ್ರಲ್ಲ, ಇಗೋ ಇದೀನಿ” ಎಂದರು ಅತ್ತೆ. “ಆಧಾರ್ ಕಾರ್ಡ್ ನೋಡ್ಕೊಂಡು ಬರೆದ್ರೆ ಬಸ್ಸಲ್ಲಿ ಸಿಕ್ಕಿಬಿದ್ದ ಕಳ್ಳಿ ಥರ ಕಾಣ್ತೀನಿ. ಈಗಲೇ ಬರೀರಿ.”

ಊರಿನ ಮಾತಿಗೆ ನಗುತ್ತಿದ್ದ ಮಾವ ಕುಂಚ ಮುಟ್ಟಲಿಲ್ಲ. ಮೂಢನಂಬಿಕೆ ಬಿಡಿ ಎಂದು ನಾನೇ ವಾದಿಸಿ ಕೂರಿಸಿದೆ. ದಿನಾ ಬೆಳಿಗ್ಗೆ ಅತ್ತೆ ದಿಂಬಿಗೊರಗಿ ಕಿಟಕಿಯ ಬೆಳಕಿಗೆ ಮುಖ ಮಾಡುತ್ತಿದ್ದರು. ಅವರು ಕೆಮ್ಮಿದಾಗಲೆಲ್ಲ ಕುಂಚ ಗಾಳಿಯಲ್ಲೇ ನಿಲ್ಲುತ್ತಿತ್ತು. ಕೆನ್ನೆ ಇಳಿಯುತ್ತಾ ಹೋಯಿತು. ಬರೆದ ಕೆನ್ನೆಯನ್ನು ಒದ್ದೆ ಕುಂಚದಿಂದ ತೊಳೆದು ಮಾವ ಮತ್ತೆ ಬರೆದರು.

ನಿನ್ನೆ ಎಲ್ಲ ಮುಗಿದಿತ್ತು. ಹಾಳೆಯಲ್ಲಿ ಅತ್ತೆ ಅತ್ತೆಯೇ ಆಗಿದ್ದರು. ಹಣೆ ಮಾತ್ರ ಖಾಲಿ. ಮಾವ ಕುಂಚವನ್ನು ಕೆಂಪಿಗೆ ಅದ್ದಿ, ತಡೆದು, ನನ್ನ ಮುಖ ನೋಡಿದರು.

ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪದವಳು ನಾನು.

“ಮಾವ, ಎಡಗಿವಿ ಸರಿ ಬಂದಿಲ್ಲ” ಎಂದೆ.

ಕಿವಿ ಸರಿಯಾಗಿಯೇ ಇತ್ತು. ಮಾವ ಕುಂಚವನ್ನು ಲೋಟದಲ್ಲಿ ಅಲುಗಿಸಿದರು. ನೀರು ಕೆಂಪಾಯಿತು.

“ಹಂಗಾದ್ರೆ ನಾಳೆನೂ ಕೂರ್ಬೇಕೇನೇ?” ಅತ್ತೆ ಕೆಮ್ಮುತ್ತಲೇ ಕೇಳಿದರು.

“ಕೂರ್ಲೇಬೇಕು ಅತ್ತೆ. ಬಲಗಿವಿನೂ ನೋಡ್ಬೇಕು.”